ಡಾಕ್ಟರ್ ಆನಂದೀಬಾಯಿ ಜೋಶಿ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇದು ಬರಿಯ ಅಲಂಕಾರದ ಮಾತಲ್ಲ. ನೂರೈವತ್ತು ವರ್ಷಗಳ ಹಿಂದೆ ತುಂಬು ಬಸುರಿಯೊಬ್ಬಳು ಹೆರಿಗೆಯ ಕೋಣೆಯನ್ನು ಹೊಕ್ಕಾಗ, ಆಕೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಬರುವಳೆಂಬ ಭರವಸೆ ಮನೆಯವರಿಗೆ ಇರುತ್ತಿರಲಿಲ್ಲ. ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆರಿಗೆಯಾಗುವುದು ಲೇಸೋ, ಆಸ್ಪತ್ರೆಯಲ್ಲಿ ವೈದ್ಯರ ಕೈಯಲ್ಲಿ ಆಗುವುದು ಲೇಸೋ ಎಂಬ ಪ್ರಶ್ನೆ ಇಂದಿನ ತಾಯಿಯ ಮುಂದಿದೆ. ಅಂದಿನ ತಾಯಿಗೆ ಆ ಪ್ರಶ್ನೆಯನ್ನು ಕೇಳುವ ಅವಕಾಶವೇ ಇರಲಿಲ್ಲ. ಅಂತಹ ಅವಕಾಶವನ್ನು ತನ್ನ ನಾಡಿನ ಹೆಣ್ಣುಮಕ್ಕಳಿಗೆ ದೊರಕಿಸಿಕೊಡಬೇಕೆಂದು ಸಪ್ತಸಾಗರಗಳನ್ನು ದಾಟಿ ಹೋಗಿ, ವೈದ್ಯವಿದ್ಯೆಯನ್ನು ಕಲಿತು ಬಂದ ಧೀರ ಮಹಿಳೆ ಡಾಕ್ಟರ್ ಆನಂದೀಬಾಯಿ ಜೋಶಿ.

ಅವರ ಜೀವನದ ಮಹತ್ವವನ್ನು ಅರಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ಮೊದಲು ತಿಳಿಯಬೇಕು. ಆಗ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮುರಗೋಡ, ಸವದತ್ತಿ, ಬೈಲಹೊಂಗಲದಂತಹ ಊರುಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹೆರಿಗೆಯೆಂದರೆ ಸೂಲಗಿತ್ತಿಯ ಕೆಲಸವಾಗಿದ್ದಿತು. ಚೊಚ್ಚಲ ಬಸುರಿಯನ್ನು ತವರುಮನೆಗೆ ಕರೆತರುತ್ತಿದ್ದರು. ನೋವು ಕಾಣಿಸಿಕೊಂಡೊಡನೆ ಸೂಲಗಿತ್ತಿಗೆ ಹೇಳಿ ಕಳುಹಿಸುತ್ತಿದ್ದರು. ಆಕೆ ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಬರುತ್ತಿದ್ದಳು. ಹೆರುವವಳಿಗೆ ಧೈರ್ಯ ಹೇಳುತ್ತಿದ್ದಳು. ಕೂಸಿನ ಹೊಕ್ಕುಳಬಳ್ಳಿಯನ್ನು ಕೊಯ್ದು, ತಾಯಿಗೂ ಮಗುವಿಗೂ ಎಣ್ಣೆನೀರು ಹಾಕಿ, ಬಾಣಂತನದ ಉಪಚಾರವನ್ನು ನೋಡಿಕೊಳ್ಳುತ್ತಿದ್ದಳು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಈ ವಿದ್ಯೆಯಲ್ಲಿ ಅನುಭವದ ಸಾರವಿದ್ದಿತು. ಕೈಗುಣವುಳ್ಳ ಸೂಲಗಿತ್ತಿಯರು ಸಾವಿರಾರು ಕೂಸುಗಳನ್ನು ಸುಖವಾಗಿ ಭೂಮಿಗೆ ತಂದಿದ್ದಾರೆ.

ಆದರೆ ಈ ವಿದ್ಯೆಗೆ ಒಂದು ಮಿತಿಯೂ ಇದ್ದಿತು. ಕೂಸು ಅಡ್ಡವಾಗಿ ನಿಂತರೆ, ಹೆರಿಗೆಯ ಬಳಿಕ ರಕ್ತಸ್ರಾವ ನಿಲ್ಲದಿದ್ದರೆ ಸೂಲಗಿತ್ತಿಯ ಕೈ ಸಾಗುತ್ತಿರಲಿಲ್ಲ. ಹೊಕ್ಕುಳಬಳ್ಳಿಯನ್ನು ಕೊಯ್ಯುವ ಕುಡುಗೋಲನ್ನೋ ಚೂರಿಯನ್ನೋ ಕುದಿಸಬೇಕೆಂಬ ತಿಳಿವಳಿಕೆ ಇರಲಿಲ್ಲ. ಗಾಯದ ಮೇಲೆ ಬೂದಿಯನ್ನೋ ಸಗಣಿಯನ್ನೋ ಹಚ್ಚುವ ರೂಢಿಯಿಂದ ಕೂಸುಗಳಿಗೆ ಧನುರ್ವಾಯು ತಗಲುತ್ತಿದ್ದಿತು. ಸುಶ್ರುತಸಂಹಿತೆಯಲ್ಲಿ, ಹೆರಿಗೆಯ ಸಮಯದಲ್ಲಿ ವಯಸ್ಸಾದ, ನಂಬಿಕೆಗೆ ಯೋಗ್ಯರಾದ, ಪ್ರಸವಕಾರ್ಯದಲ್ಲಿ ನಿಪುಣರಾದ ನಾಲ್ವರು ಸ್ತ್ರೀಯರು ಬಳಿಯಲ್ಲಿರಬೇಕು, ಅವರು ಉಗುರುಗಳನ್ನು ಕತ್ತರಿಸಿಕೊಂಡಿರಬೇಕು ಎಂದು ವಿಧಿಸಲಾಗಿದೆ. ಉಗುರಿನ ವಿಷಯದಲ್ಲಿಯೂ ಎಚ್ಚರ ವಹಿಸಿದ ಆ ಪ್ರಾಚೀನ ಜ್ಞಾನವು ಕಾಲಕ್ರಮದಲ್ಲಿ ಗ್ರಂಥಗಳಲ್ಲಿಯೇ ಉಳಿಯಿತು; ಹಳ್ಳಿಯ ಹೆರಿಗೆಯ ಕೋಣೆಯವರೆಗೆ ಬರಲಿಲ್ಲ.

ಹಾಗಾದರೆ ಆಸ್ಪತ್ರೆಗೆ ಹೋಗಬಹುದಾಗಿತ್ತಲ್ಲವೆ? ಆಸ್ಪತ್ರೆಗಳು ಇದ್ದುದೇ ದೊಡ್ಡ ಪಟ್ಟಣಗಳಲ್ಲಿ. ಅಲ್ಲಿದ್ದ ವೈದ್ಯರೆಲ್ಲ ಗಂಡಸರು. ಪರಪುರುಷನಿಗೆ ಮುಖವನ್ನೂ ತೋರಿಸದ ಕುಲಸ್ತ್ರೀಯು ಹೆರಿಗೆಯ ಸಮಯದಲ್ಲಿ ಪುರುಷವೈದ್ಯನ ಮುಂದೆ ಹೋಗುವುದನ್ನು ಆಕೆಯ ಮನೆಯವರೂ ಒಪ್ಪುತ್ತಿರಲಿಲ್ಲ, ಆಕೆಯೂ ಒಪ್ಪುತ್ತಿರಲಿಲ್ಲ. ಪ್ರಾಣ ಹೋದರೂ ಮಾನ ಹೋಗಬಾರದೆಂಬ ಭಾವನೆ ಅಷ್ಟು ಬಲವಾಗಿದ್ದಿತು.

ಅದೂ ಅಲ್ಲದೆ, ಆ ಕಾಲದ ಆಸ್ಪತ್ರೆಯು ಎಲ್ಲೆಡೆಯೂ ಸುರಕ್ಷಿತವಾದ ಸ್ಥಳವಾಗಿರಲಿಲ್ಲ. ಯುರೋಪಿನ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು. ಇನ್ನೊಂದರಲ್ಲಿ ಸೂಲಗಿತ್ತಿಯರು ಮಾಡಿಸುತ್ತಿದ್ದರು. 1841 ರಿಂದ 1846 ರವರೆಗಿನ ಲೆಕ್ಕದಂತೆ ವೈದ್ಯರ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಸೂಲಗಿತ್ತಿಯರ ವಿಭಾಗದಲ್ಲಿ ಸಾಯುತ್ತಿದ್ದವರು ನೂರಕ್ಕೆ ಸುಮಾರು ನಾಲ್ವರು ಮಾತ್ರ. ಯಾವ ದಿನ ಬಂದವರನ್ನು ಯಾವ ವಿಭಾಗಕ್ಕೆ ಸೇರಿಸಬೇಕೆಂಬುದಕ್ಕೆ ಸರದಿಯಿದ್ದಿತು. ವೈದ್ಯರ ಸರದಿಯ ದಿನ ಬಂದ ಬಡ ಹೆಂಗಸರು ತಮ್ಮನ್ನು ಸೂಲಗಿತ್ತಿಯರ ವಿಭಾಗಕ್ಕೇ ಸೇರಿಸಬೇಕೆಂದು ಅಂಗಲಾಚಿ ಬೇಡುತ್ತಿದ್ದರು. ಬೀದಿಯಲ್ಲಿ ಹೆತ್ತವರೂ ಉಂಟು.

ಅಲ್ಲಿ ಕೆಲಸದಲ್ಲಿದ್ದ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಇದರ ಕಾರಣವನ್ನು 1847 ರಲ್ಲಿ ಕಂಡುಹಿಡಿದನು. ವೈದ್ಯರೂ ವಿದ್ಯಾರ್ಥಿಗಳೂ ಹೆಣಗಳನ್ನು ಕೊಯ್ದು ಪರೀಕ್ಷಿಸಿ, ಅದೇ ಕೈಯಿಂದ ಹೆರಿಗೆ ಮಾಡಿಸುತ್ತಿದ್ದರು. ಸೂಲಗಿತ್ತಿಯರಿಗೆ ಹೆಣ ಕೊಯ್ಯುವ ಕೆಲಸವಿರಲಿಲ್ಲ. ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಎಲ್ಲರೂ ಕೈ ತೊಳೆಯಬೇಕೆಂದು ಆತನು ನಿಯಮ ಮಾಡಿದೊಡನೆ ವೈದ್ಯರ ವಿಭಾಗದ ಸಾವುಗಳು ಬಹುಮಟ್ಟಿಗೆ ಇಳಿದುವು. ಆದರೆ ತಮ್ಮ ಕೈಯಿಂದಲೇ ರೋಗ ಹರಡುತ್ತಿದೆಯೆಂಬ ಮಾತನ್ನು ಅಂದಿನ ದೊಡ್ಡ ವೈದ್ಯರು ಸಹಿಸಲಿಲ್ಲ. ಸೆಮ್ಮೆಲ್‌ವೈಸನು ತಿರಸ್ಕಾರಕ್ಕೆ ಗುರಿಯಾಗಿ 1865 ರಲ್ಲಿ ತೀರಿಕೊಂಡನು. ಅದೇ ವರ್ಷ ಭಾರತದಲ್ಲಿ ಆನಂದೀಬಾಯಿ ಹುಟ್ಟಿದರು.

ಮುಂಬಯಿಗೆ ಸಮೀಪದ ಕಲ್ಯಾಣ ಎಂಬ ಊರಿನಲ್ಲಿ 1865 ರ ಮಾರ್ಚ್ 31 ರಂದು ಒಂದು ಮರಾಠಿ ಬ್ರಾಹ್ಮಣ ಕುಟುಂಬದಲ್ಲಿ ಅವರ ಜನನವಾಯಿತು. ತಂದೆತಾಯಿಗಳು ಇಟ್ಟ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿನಲ್ಲಿ ಯಮುನಾಳ ಮದುವೆಯಾಯಿತು. ವರನಾದ ಗೋಪಾಳರಾವ್ ಜೋಶಿಯವರು ಅಂಚೆ ಕಚೇರಿಯಲ್ಲಿ ಗುಮಾಸ್ತರು. ಆಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಮೊದಲ ಹೆಂಡತಿಯನ್ನು ಕಳೆದುಕೊಂಡವರು. ಮದುವೆಯಲ್ಲಿ ವಧುವಿಗೆ ಆನಂದೀ ಎಂಬ ಹೊಸ ಹೆಸರು ಬಂದಿತು.

ಗೋಪಾಳರಾಯರದು ವಿಚಿತ್ರ ಸ್ವಭಾವ. ಹೆಂಡತಿಯು ಓದು ಬರಹ ಕಲಿಯಬೇಕೆಂಬುದು ಅವರ ಹಟ. ಅಂದಿನ ಗಂಡಂದಿರು ಹೆಂಡತಿಯು ಅಡಿಗೆ ಮಾಡಲಿಲ್ಲವೆಂದು ಸಿಟ್ಟಾಗುತ್ತಿದ್ದರೆ, ಅವರು ಹೆಂಡತಿಯು ಓದಲಿಲ್ಲವೆಂದು ಸಿಟ್ಟಾಗುತ್ತಿದ್ದರು, ಹೊಡೆಯುವುದಕ್ಕೂ ಹಿಂಜರಿಯುತ್ತಿರಲಿಲ್ಲ. ಆ ಕಠೋರತನವು ಆನಂದೀಬಾಯಿಯವರ ಎಳೆಯ ಮನಸ್ಸಿಗೆ ಬಹಳ ನೋವನ್ನುಂಟುಮಾಡಿತು. ಆದರೂ ಅವರು ವಿದ್ಯೆಯನ್ನು ಬಿಡಲಿಲ್ಲ. ಮರಾಠಿ, ಸಂಸ್ಕೃತ, ಇಂಗ್ಲಿಷ್ ಭಾಷೆಗಳನ್ನು ಕಲಿತರು. ಹಟದಿಂದ ಆರಂಭವಾದ ಕಲಿಕೆಯು ಕ್ರಮೇಣ ಅವರ ಸ್ವಂತ ಹಂಬಲವಾಗಿ ಬೆಳೆಯಿತು.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದೀಬಾಯಿಯವರು ಒಂದು ಗಂಡುಮಗುವಿಗೆ ತಾಯಿಯಾದರು. ಆ ಮಗು ಬದುಕಿದ್ದುದು ಹತ್ತೇ ದಿನ. ತಕ್ಕ ವೈದ್ಯಸಹಾಯ ದೊರೆತಿದ್ದರೆ ಕೂಸು ಉಳಿಯುತ್ತಿತ್ತೆಂಬ ಸಂಕಟ ಆ ಬಾಲತಾಯಿಯನ್ನು ಕಾಡಿತು. ಅಂದು ಅಂತಹ ದುಃಖವು ಮನೆಮನೆಯಲ್ಲಿಯೂ ಇದ್ದಿತು. ಹಣೆಯ ಬರಹವೆಂದು ಕಣ್ಣೊರೆಸಿಕೊಂಡು ಸುಮ್ಮನಾಗುವುದೇ ಲೋಕರೂಢಿಯಾಗಿದ್ದಿತು. ಆನಂದೀಬಾಯಿಯವರು ಸುಮ್ಮನಾಗಲಿಲ್ಲ. ಹೆಣ್ಣಿನ ಬೇನೆಯನ್ನು ಹೆಣ್ಣೇ ಬಲ್ಲಳು; ಆದುದರಿಂದ ಹೆಣ್ಣು ವೈದ್ಯೆಯಾಗಬೇಕು; ಬೇರೆ ಯಾರೂ ಆಗದಿದ್ದರೆ ತಾನೇ ಆಗಬೇಕು ಎಂದು ಅವರು ನಿಶ್ಚಯಿಸಿದರು.

ಗೋಪಾಳರಾಯರಿಗೆ ಊರಿಂದೂರಿಗೆ ವರ್ಗವಾಗುತ್ತಿದ್ದಿತು. ಅಲಿಬಾಗ, ಕೊಲ್ಹಾಪುರ, ಮುಂಬಯಿ, ಭುಜ, ಕಲಕತ್ತೆ, ಶ್ರೀರಾಮಪುರ ಹೀಗೆ ದಂಪತಿಗಳು ತಿರುಗಿದರು. ಹೆಂಡತಿಯನ್ನು ಅಮೆರಿಕಕ್ಕೆ ಕಳುಹಿಸುವ ಇಚ್ಛೆಯಿಂದ ಗೋಪಾಳರಾಯರು ಕ್ರೈಸ್ತ ಪಾದ್ರಿಯೊಬ್ಬರಿಗೆ ಪತ್ರ ಬರೆದಿದ್ದರು. ಆ ಪತ್ರವು ಅಮೆರಿಕದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ನ್ಯೂಜರ್ಸಿಯ ರೋಸೆಲ್ ಎಂಬ ಊರಿನ ಥಿಯೊಡೀಸಿಯಾ ಕಾರ್ಪೆಂಟರ್ ಎಂಬ ಗೃಹಿಣಿಯು ಅದನ್ನು ಓದಿ ಮರುಗಿದರು. ಅಂದಿನಿಂದ ಆಕೆಗೂ ಆನಂದೀಬಾಯಿಯವರಿಗೂ ಪತ್ರವ್ಯವಹಾರ ಬೆಳೆಯಿತು. ಒಬ್ಬರನ್ನೊಬ್ಬರು ಕಾಣದೆಯೇ ಅವರು ಆತ್ಮೀಯರಾದರು.

ವಿಲಾಯತಿಗೆ ಹೋಗುವ ಸುದ್ದಿ ಹರಡಿದೊಡನೆ ಜನರು ಬಗೆಬಗೆಯಾಗಿ ಆಡಿಕೊಳ್ಳತೊಡಗಿದರು. ಸಮುದ್ರವನ್ನು ದಾಟಿದರೆ ಜಾತಿ ಕೆಡುವುದೆಂದು ಕೆಲವರು, ಧರ್ಮ ಬಿಡುವಳೆಂದು ಕೆಲವರು ನಿಂದಿಸಿದರು. ಆಗ ಹದಿನೆಂಟು ವರ್ಷವೂ ತುಂಬಿರದ ಆನಂದೀಬಾಯಿಯವರು 1883 ರ ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನಲ್ಲಿ ತುಂಬಿದ ಸಭೆಯ ಮುಂದೆ ನಿಂತು ತಮ್ಮ ನಿಲುವನ್ನು ವಿವರಿಸಿದರು. ಹೆಂಗಸರಿಗೆ ಪೂರ್ಣ ವೈದ್ಯಶಿಕ್ಷಣ ದೊರೆಯುವ ಕಾಲೇಜು ಆಗ ಮದರಾಸಿನಲ್ಲಿ ಮಾತ್ರ ಇದ್ದಿತು. ಉಳಿದೆಡೆ ಸೂಲಗಿತ್ತಿಯರಿಗೆ ತರಗತಿಗಳಿದ್ದರೂ ಅಲ್ಲಿ ಕೊಡುವ ಶಿಕ್ಷಣವು ಅಪೂರ್ಣವಾದುದೆಂದೂ ಕಲಿಸುವವರಿಗೆ ಹೆಂಗಸರು ಮುಂದೆ ಬರುವುದು ಮನಸ್ಸಿಗೆ ಒಗ್ಗುವುದಿಲ್ಲವೆಂದೂ ಅವರು ಧೈರ್ಯದಿಂದ ತಿಳಿಸಿದರು. ಹಿಂದೂ ಸ್ತ್ರೀಯಾಗಿಯೇ ಹೋಗಿ ಹಿಂದೂ ಸ್ತ್ರೀಯಾಗಿಯೇ ಮರಳುವೆನೆಂದು ಮಾತು ಕೊಟ್ಟರು. ಕಲಿತು ಬಂದು ಭಾರತದಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕಾಲೇಜನ್ನು ತೆರೆಯಬೇಕೆಂಬ ಬಯಕೆಯನ್ನೂ ಸಭೆಯ ಮುಂದಿಟ್ಟರು. ಈ ಭಾಷಣದಿಂದ ಅನೇಕರ ಮನಸ್ಸು ಕರಗಿತು; ದೇಶದ ನಾನಾ ಕಡೆಗಳಿಂದ ಧನಸಹಾಯ ಬಂದಿತು.

1883 ರ ಏಪ್ರಿಲ್ 7 ರಂದು ಅವರು ಕಲಕತ್ತೆಯಿಂದ ಹಡಗು ಹತ್ತಿದರು. ಗಂಡನಾಗಲಿ ಬಂಧುಗಳಾಗಲಿ ಜೊತೆಗಿರಲಿಲ್ಲ. ಪರಿಚಿತರಾದ ಪಾಶ್ಚಾತ್ಯ ಮಹಿಳೆಯರ ಸಂಗಡ ಸುಮಾರು ಎರಡು ತಿಂಗಳು ಪ್ರಯಾಣ ಮಾಡಿ ಜೂನ್ 4 ರಂದು ನ್ಯೂಯಾರ್ಕನ್ನು ತಲುಪಿದರು. ಕಾರ್ಪೆಂಟರ್ ದಂಪತಿಗಳು ಅವರನ್ನು ಮನೆಮಗಳಂತೆ ಕಂಡರು. ಅದೇ ವರ್ಷ ಅವರು ಫಿಲಡೆಲ್ಫಿಯಾದಲ್ಲಿದ್ದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕಾಲೇಜನ್ನು ಸೇರಿದರು. 1850 ರಲ್ಲಿ ಸ್ಥಾಪನೆಯಾದ ಆ ಕಾಲೇಜು ಹೆಂಗಸರಿಗೆಂದೇ ಮೀಸಲಾಗಿದ್ದಿತು. ಅದರ ಮುಖ್ಯಸ್ಥೆಯಾಗಿದ್ದ ರೇಚಲ್ ಬಾಡ್ಲಿಯವರು ದೂರದೇಶದ ಈ ವಿದ್ಯಾರ್ಥಿನಿಯನ್ನು ವಾತ್ಸಲ್ಯದಿಂದ ನೋಡಿಕೊಂಡರು.

ಕಲಿಕೆ ಸುಲಭವಾಗಿರಲಿಲ್ಲ. ಮೈಯಲ್ಲಿ ಮೊದಲೇ ಶಕ್ತಿಯಿರಲಿಲ್ಲ. ಭಾರತದಲ್ಲಿದ್ದಾಗಲೇ ತಲೆನೋವು, ಜ್ವರಗಳು ಬಾಧಿಸುತ್ತಿದ್ದವು. ಫಿಲಡೆಲ್ಫಿಯಾದ ಚಳಿಗಾಲದ ಕೊರೆಯುವ ಶೀತದಲ್ಲಿಯೂ ಅವರು ಸೀರೆಯನ್ನೇ ಉಡುತ್ತಿದ್ದರು, ಸಸ್ಯಾಹಾರವನ್ನೇ ಸೇವಿಸುತ್ತಿದ್ದರು. ಇವೆಲ್ಲದರಿಂದ ದೇಹವು ಸೊರಗಿ, ಮುಂದೆ ಕ್ಷಯರೋಗ ಕಾಣಿಸಿಕೊಂಡಿತು. ಆದರೂ ಓದು ನಿಲ್ಲಲಿಲ್ಲ.

ಅವರು ಓದುತ್ತಿದ್ದ ಆ ವರ್ಷಗಳಲ್ಲಿ ವೈದ್ಯಶಾಸ್ತ್ರವು ವೇಗವಾಗಿ ಬದಲಾಗುತ್ತಿದ್ದಿತು. ಬಾಣಂತಿಜ್ವರಕ್ಕೆ ಕಾರಣವಾದ ರೋಗಾಣುವನ್ನು ಫ್ರಾನ್ಸಿನ ಲೂಯಿ ಪ್ಯಾಶ್ಚರ್ 1879 ರಲ್ಲಿ ತೋರಿಸಿಕೊಟ್ಟಿದ್ದನು. ಗಾಯಗಳನ್ನೂ ಉಪಕರಣಗಳನ್ನೂ ಕಾರ್ಬಾಲಿಕ್ ಆಮ್ಲದಿಂದ ಶುದ್ಧಗೊಳಿಸುವ ಜೋಸೆಫ್ ಲಿಸ್ಟರನ ವಿಧಾನವು ಬಳಕೆಗೆ ಬರುತ್ತಿದ್ದಿತು. ಸೆಮ್ಮೆಲ್‌ವೈಸನು ಸಾರಿದ ಸತ್ಯವನ್ನು ಲೋಕವು ತಡವಾಗಿಯಾದರೂ ಒಪ್ಪಿಕೊಳ್ಳುತ್ತಿದ್ದಿತು. ಮನೆಯ ಹೆರಿಗೆಗೂ ಆಸ್ಪತ್ರೆಯ ಹೆರಿಗೆಗೂ ಇರುವ ನಿಜವಾದ ಭೇದ ಗೋಡೆಗಳಲ್ಲಿಲ್ಲ. ಹೆರಿಗೆ ಮಾಡಿಸುವ ಕೈಯ ಶುದ್ಧಿಯಲ್ಲಿಯೂ ಬುದ್ಧಿಯಲ್ಲಿಯೂ ಇದೆ ಎಂಬುದು ಆಗ ಸ್ಪಷ್ಟವಾಗತೊಡಗಿತು.

ಪದವಿಗಾಗಿ ಪ್ರೌಢಪ್ರಬಂಧವನ್ನು ಬರೆಯಬೇಕಾದಾಗ ಆನಂದೀಬಾಯಿಯವರು ಆರಿಸಿಕೊಂಡ ವಿಷಯ ಆರ್ಯ ಹಿಂದೂಗಳ ಪ್ರಸೂತಿಶಾಸ್ತ್ರ. ಈ ಆಯ್ಕೆಯು ಅರ್ಥಪೂರ್ಣವಾದುದು. ಪಾಶ್ಚಾತ್ಯ ವಿದ್ಯೆಯನ್ನು ಕಲಿಯಲು ಬಂದವರು ತಮ್ಮ ನಾಡಿನ ಹಳೆಯ ತಿಳಿವಳಿಕೆಯನ್ನು ಹೀನವೆಂದು ತಳ್ಳಿಬಿಡಲಿಲ್ಲ. ಪ್ರಾಚೀನ ಗ್ರಂಥಗಳಲ್ಲಿ ಗರ್ಭಿಣಿಯ ಆರೈಕೆ, ಪ್ರಸವ, ಬಾಣಂತನಗಳ ವಿಷಯವಾಗಿ ಏನು ಹೇಳಿದೆ ಎಂಬುದನ್ನು ಹೊಸ ಶಾಸ್ತ್ರದ ಮುಂದಿಟ್ಟು ನೋಡಿದರು. ಹಳೆಯದು ಹೊಸದರಿಂದ ಪರಿಶುದ್ಧವಾಗಬೇಕು, ಹೊಸದು ಹಳೆಯದರ ವಿಶ್ವಾಸವನ್ನು ಗಳಿಸಬೇಕು ಎಂಬುದಕ್ಕೆ ಅವರ ಬಾಳೇ ನಿದರ್ಶನವಾಗಿದ್ದಿತು.

1886 ರ ಮಾರ್ಚ್ 11 ರಂದು ಆನಂದೀಬಾಯಿಯವರಿಗೆ ಎಂ.ಡಿ. ಪದವಿ ದೊರೆಯಿತು. ಆ ಸಮಾರಂಭಕ್ಕೆ ಗೋಪಾಳರಾಯರೂ ಬಂದಿದ್ದರು. ಪಂಡಿತಾ ರಮಾಬಾಯಿಯವರು ಇಂಗ್ಲೆಂಡಿನಿಂದ ಬಂದು ಸೇರಿದರು. ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ, ನಮ್ಮ ಕನ್ನಡ ನೆಲದಲ್ಲಿ ಹುಟ್ಟಿದ ಆ ವಿದುಷಿಯು ಆನಂದೀಬಾಯಿಯವರ ಗೆಲವನ್ನು ಕಣ್ಣಾರೆ ಕಂಡು ಹರ್ಷಗೊಂಡರು. ವಿಕ್ಟೋರಿಯಾ ರಾಣಿಗೂ ಈ ಸುದ್ದಿ ಮುಟ್ಟಿ ಅಭಿನಂದನೆ ಬಂದಿತು. ಅದೇ ವರ್ಷ ಕಲಕತ್ತೆಯಲ್ಲಿ ಕಾದಂಬಿನೀ ಗಂಗೂಲಿಯವರೂ ವೈದ್ಯೆಯಾಗಿ ತೇರ್ಗಡೆ ಹೊಂದಿದರು. ಹೀಗೆ 1886 ನೆಯ ವರ್ಷವು ಭಾರತದ ಮಹಿಳೆಯರ ಇತಿಹಾಸದಲ್ಲಿ ಸ್ಮರಣೀಯವಾಯಿತು.

ಈ ನಡುವೆ ಕೊಲ್ಹಾಪುರ ಸಂಸ್ಥಾನದಿಂದ ಕರೆ ಬಂದಿತು. ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ, ಕನ್ನಡಿಗರಿಗೆ ಚಿರಪರಿಚಿತವಾದ ಆ ಊರಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗಕ್ಕೆ ಅವರನ್ನು ಮುಖ್ಯ ವೈದ್ಯೆಯಾಗಿ ನೇಮಿಸಲಾಯಿತು. ಆಸ್ಪತ್ರೆಯೆಂದರೆ ಹಿಂಜರಿಯುತ್ತಿದ್ದ ಹೆಂಗಸರು ಸಂಕೋಚವಿಲ್ಲದೆ ಒಳಗೆ ಬರುವಂತಹ ಒಂದು ಬಾಗಿಲು ತೆರೆಯುವುದರಲ್ಲಿದ್ದಿತು. ಸೀರೆಯುಟ್ಟು, ಕುಂಕುಮವಿಟ್ಟು, ಅವರ ಆಚಾರವಿಚಾರಗಳನ್ನು ಬಲ್ಲ ವೈದ್ಯೆಯೊಬ್ಬರು ಅಲ್ಲಿ ಕಾದಿರುತ್ತಿದ್ದರು.

ಆದರೆ ವಿಧಿಯ ಸಂಕಲ್ಪ ಬೇರೆಯಾಗಿದ್ದಿತು. 1886 ರ ಕೊನೆಯಲ್ಲಿ ಆನಂದೀಬಾಯಿಯವರು ತಾಯ್ನಾಡಿಗೆ ಮರಳಿದಾಗ ಜನರು ಅವರನ್ನು ಆದರದಿಂದ ಸ್ವಾಗತಿಸಿದರು. ಹಿಂದೆ ನಿಂದಿಸಿದವರೇ ಈಗ ಹೊಗಳಿದರು. ಅಷ್ಟರಲ್ಲಿ ಕ್ಷಯವು ಉಲ್ಬಣಿಸಿದ್ದಿತು. ಕೊಲ್ಹಾಪುರದ ಸ್ತ್ರೀಯರ ವಿಭಾಗದಲ್ಲಿ ಸೇವೆ ಸಲ್ಲಿಸುವ ಭಾಗ್ಯ ಅವರಿಗೆ ಲಭಿಸಲಿಲ್ಲ. 1887 ರ ಫೆಬ್ರವರಿ 26 ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ. ಅವರ ಚಿತಾಭಸ್ಮವನ್ನು ಥಿಯೊಡೀಸಿಯಾ ಕಾರ್ಪೆಂಟರರಿಗೆ ಕಳುಹಿಸಲಾಯಿತು. ಆ ತಾಯಿಯು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿದ್ದ ತಮ್ಮ ಕುಟುಂಬದ ಸ್ಮಶಾನದಲ್ಲಿ ಅದಕ್ಕೆ ನೆಲೆ ಕಲ್ಪಿಸಿದರು.

ಒಂದು ಹೆರಿಗೆಯ ಕೋಣೆಯನ್ನೂ ತಮ್ಮದಾಗಿ ನಡೆಸದೆ ತೀರಿಕೊಂಡ ಈ ವೈದ್ಯೆಯ ಬಾಳು ವ್ಯರ್ಥವಾಯಿತೆ? ಇಲ್ಲ. ಹೆಣ್ಣು ವೈದ್ಯೆಯಾಗಬಲ್ಲಳೆಂಬುದನ್ನು ಅವರು ತೋರಿಸಿಕೊಟ್ಟಿದ್ದರು. ಅವರು ಓದುತ್ತಿದ್ದಾಗಲೇ, 1885 ರಲ್ಲಿ, ಭಾರತದ ಸ್ತ್ರೀಯರಿಗೆ ವೈದ್ಯೆಯರನ್ನೂ ದಾದಿಯರನ್ನೂ ಸೂಲಗಿತ್ತಿಯರನ್ನೂ ಒದಗಿಸಲು ಡಫರಿನ್ ನಿಧಿಯು ಸ್ಥಾಪನೆಯಾಗಿದ್ದಿತು. 1903 ರಲ್ಲಿ ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವುದಕ್ಕೆಂದೇ ವಿಕ್ಟೋರಿಯಾ ಸ್ಮಾರಕ ನಿಧಿಯು ಆರಂಭವಾಯಿತು. ರಖಮಾಬಾಯಿಯವರು ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಂದು ಸೂರತ್ತಿನಲ್ಲಿ ಸ್ತ್ರೀಯರ ಸೇವೆ ಮಾಡಿದರು. ಬೆಂಗಳೂರಿನಲ್ಲಿ 1935 ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆ ತೆರೆಯಿತು.

ಇಂದು ಕರ್ನಾಟಕದಲ್ಲಿ ನೂರಕ್ಕೆ ತೊಂಬತ್ತೇಳು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆಂದು 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸಿದೆ. ಹೆರಿಗೆಯ ಸಂಬಂಧವಾಗಿ ಸಾಯುವ ತಾಯಂದಿರ ಸಂಖ್ಯೆ ಗಣನೀಯವಾಗಿ ಇಳಿದಿದೆ. ಹಾಗೆಂದು ಸೂಲಗಿತ್ತಿಯ ಸ್ಥಾನ ಅಳಿದುಹೋಗಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರು. 2018 ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ, ದಾದಿಯರಿಗೆ ಪ್ರಸೂತಿಕಾರ್ಯದಲ್ಲಿ ವಿಶೇಷ ತರಬೇತಿಯನ್ನು ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವಂತೆ ಮಾಡುವ ಯೋಜನೆಯನ್ನು ಸರಕಾರವು ಪ್ರಕಟಿಸಿತು. ತೊಡಕು ಕಂಡೊಡನೆ ವೈದ್ಯರ ನೆರವು ಕೈಗೆಟಕುವಂತಿರಬೇಕು ಎಂಬುದು ಅದರ ಮುಖ್ಯ ತತ್ತ್ವ. ಸೂಲಗಿತ್ತಿಯೋ ಆಸ್ಪತ್ರೆಯೋ ಎಂಬ ಹಳೆಯ ಪ್ರಶ್ನೆಗೆ ಇದೇ ಸರಿಯಾದ ಉತ್ತರವೆನ್ನಬಹುದು. ಸೂಲಗಿತ್ತಿಯ ಆತ್ಮೀಯತೆ, ವೈದ್ಯರ ಶಾಸ್ತ್ರಜ್ಞಾನ ಇವೆರಡೂ ತಾಯಿಗೆ ಬೇಕು; ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದ ಸ್ಥಿತಿ ಆಕೆಗೆ ಬರಬಾರದು.

ಆತ್ಮೀಯತೆ ಮತ್ತು ಶಾಸ್ತ್ರಜ್ಞಾನಗಳನ್ನು ಒಂದೇ ವ್ಯಕ್ತಿಯಲ್ಲಿ ಕೂಡಿಸಲು ಹೊರಟವರು ಆನಂದೀಬಾಯಿ. ಹತ್ತು ದಿನದ ಕೂಸನ್ನು ಕಳೆದುಕೊಂಡ ದುಃಖವನ್ನು ಅವರು ತಮ್ಮ ಮನೆಯ ದುಃಖವೆಂದಷ್ಟೇ ಬಗೆಯದೆ ನಾಡಿನ ದುಃಖವೆಂದು ಬಗೆದರು. ಅದರ ಪರಿಹಾರಕ್ಕೆ ತಮ್ಮ ಆಯುಸ್ಸನ್ನೇ ತೆತ್ತರು. ಶುಕ್ರಗ್ರಹದ ಮೇಲಿನ ಒಂದು ಕುಳಿಗೆ ವಿಜ್ಞಾನಿಗಳು ಅವರ ಹೆಸರನ್ನಿಟ್ಟಿದ್ದಾರೆ. ಆಕಾಶದ ಆ ಗೌರವಕ್ಕಿಂತ ಮಿಗಿಲಾದ ಸ್ಮಾರಕ ಭೂಮಿಯ ಮೇಲೆಯೇ ಇದೆ. ಹಳ್ಳಿಯ ಬಸುರಿಯೊಬ್ಬಳು ಅಂಜಿಕೆಯಿಲ್ಲದೆ ವೈದ್ಯೆಯ ಬಳಿಗೆ ಹೋಗಿ, ಕೂಸನ್ನು ಎತ್ತಿಕೊಂಡು ನಗುನಗುತ್ತ ಮನೆಗೆ ಮರಳಿದಾಗಲೆಲ್ಲ ಆನಂದೀಬಾಯಿಯವರ ಹಂಬಲವು ಸಫಲವಾಗುತ್ತದೆ.